ಮೇ ತಿಂಗಳ ಬಿಯರ್ ಫೆಸ್ಟ್‌ಗೆ ಟಿಕೆಟ್ ತಗೊಳ್ಳಬಹುದಾ?

ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ಹೋಗಬೇಕು, ಗೇಟ್ ಟಿಕೆಟ್ ಬೇರೆ, ಒಳಗೆ ಬಿಯರಿಗೆ ಬೇರೆ ದುಡ್ಡು, ಹೆಂಡತಿ ಕುಡಿಯುವುದಿಲ್ಲ, ಎಷ್ಟು ಗ್ಲಾಸ್ ಕುಡಿದರೆ ವಸೂಲಾಗುತ್ತದೆ ಅಂತ ಕೇಳಿದ್ದೀರಿ. ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದೇ ಲೆಕ್ಕವನ್ನು ನಾನೂ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಒತ್ತಿ ನೋಡಿದ್ದೆ. ನಿಮ್ಮ ಹಾಗೇ ಮೇ ತಿಂಗಳು, ಶನಿವಾರ, ಬಯಲಿನಲ್ಲಿ ಪೆಂಡಾಲು.

ನಾವು ಆಫೀಸಿನವರು ಆರು ಜನ. ಬೇಗ ತಗೊಂಡರೆ ಟಿಕೆಟ್ ಕಡಿಮೆಗೆ ಸಿಗುತ್ತದೆ ಅಂತ ಮುಂಚೆಯೇ ತಗೊಂಡಿದ್ದೆವು. ಊರಿನ ಬೇರೆ ಬೇರೆ ಬ್ರೂವರಿಗಳ ಬಿಯರ್ ಒಂದೇ ಕಡೆ ಸಿಗುತ್ತದಲ್ಲ, ಇಂದಿರಾನಗರಕ್ಕೆ ಒಂದು ಸಲ, ಹೆಣ್ಣೂರಿಗೆ ಒಂದು ಸಲ ಟ್ರಾಫಿಕ್ಕಿನಲ್ಲಿ ಸಾಯುವುದು ತಪ್ಪುತ್ತದಲ್ಲ ಅನ್ನುವುದು ನಮ್ಮ ವಾದ.

ಗೇಟಿನಲ್ಲಿ ಕೈಗೆ ಬಟ್ಟೆಯ ಬ್ಯಾಂಡ್ ಬಿಗಿದರು. ಅದರಲ್ಲಿ ಸಣ್ಣ ಚಿಪ್. ಒಳಗೆ ನೋಟು ನಡೆಯುವುದಿಲ್ಲ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವುದೂ ನಡೆಯುವುದಿಲ್ಲ. ಮೊದಲು ಟಾಪ್‌ಅಪ್ ಕೌಂಟರಿನಲ್ಲಿ ಬ್ಯಾಂಡಿಗೆ ದುಡ್ಡು ತುಂಬಿಸಬೇಕು, ಆಮೇಲೆ ಒಂದೊಂದು ಸ್ಟಾಲಿನ ಮುಂದೆಯೂ ಕೈ ಚಾಚಬೇಕು. ಆ ಕೌಂಟರಿನ ಮುಂದೆ ಉದ್ದನೆಯ ಕ್ಯೂ. ತಲೆ ಮೇಲೆ ನೆರಳಿಲ್ಲ. ನಮ್ಮಲ್ಲೊಬ್ಬ ಹೇಳಿದ, "ಆರು ಜನಾನೂ ಯಾಕೆ ಒಣಗಬೇಕು? ಎಲ್ಲರ ದುಡ್ಡೂ ಒಂದೇ ಬ್ಯಾಂಡಿಗೆ ಹಾಕಿಸೋಣ." ಎಲ್ಲರೂ ನನ್ನ ಕಡೆ ತಿರುಗಿದರು. "ನೀನೇ ಖಜಾಂಚಿ ಕಣೇ, ಲೆಕ್ಕ ಸರಿಯಾಗಿ ಇಡ್ತೀಯ" ಅಂದಳು ನನ್ನ ಪಕ್ಕದ ಸೀಟಿನ ಗೆಳತಿ. ನಾನು ಹಿಗ್ಗಿದೆ. ಎಲ್ಲರೂ ನನಗೆ ದುಡ್ಡು ಕಳಿಸಿದರು, ನಾನು ಅಷ್ಟನ್ನೂ ನನ್ನ ಬ್ಯಾಂಡಿಗೆ ಹಾಕಿಸಿದೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಬೇಜಾರಾದರೆ ಮುಂದಿನ ಪ್ಯಾರಾಗಳನ್ನು ಹಾರಿಸಿ.

ಆ ಬ್ಯಾಂಡ್ ಒಮ್ಮೆ ಬಿಗಿದರೆ ಬಿಚ್ಚುವ ಹಾಗಿಲ್ಲ, ಕತ್ತರಿಸಲೇಬೇಕು. ಅಂದರೆ ಯಾರಿಗೆ ಏನು ಬೇಕಾದರೂ ನನ್ನ ಕೈ ಹೋಗಬೇಕು. ಕೈ ಹೋದರೆ ಹಿಂದೆ ನಾನೂ ಹೋಗಬೇಕಲ್ಲ! ಒಬ್ಬನಿಗೆ ವೀಟ್ ಬಿಯರ್, ಒಬ್ಬಳಿಗೆ ಸ್ಟೌಟ್, ಇನ್ನೊಬ್ಬನಿಗೆ ಮಾವಿನಹಣ್ಣಿನ ಬಿಯರ್. ಕಬಾಬ್ ಸ್ಟಾಲ್ ಮೈದಾನದ ಇನ್ನೊಂದು ತುದಿಯಲ್ಲಿ. ಅವರು ನೆರಳು ಹಿಡಿದು ಕೂತು ವೇದಿಕೆಯ ಹಾಡು ಕೇಳುತ್ತಿದ್ದರು. ನಾನು ಕ್ಯೂನಿಂದ ಕ್ಯೂಗೆ. ನನ್ನ ಪಾಲಿನ ಬಿಯರನ್ನು ನಾನು ಕುಡಿದದ್ದೂ ಕ್ಯೂನಲ್ಲೇ, ಮುಂದಿನವರ ಬ್ಯಾಗು ನೋಡಿಕೊಂಡು.

ಇನ್ನು ಲೆಕ್ಕ. ಎಲ್ಲರ ದುಡ್ಡೂ ಒಂದೇ ಕಡೆ ಸೇರಿದರೆ ಅದು ಯಾರ ದುಡ್ಡೂ ಅಲ್ಲ ಅನ್ನಿಸಿಬಿಡುತ್ತದೆ. ತನ್ನ ಕೈಯಲ್ಲೇ ಬ್ಯಾಂಡ್ ಇದ್ದಿದ್ದರೆ ಎರಡು ಗ್ಲಾಸಿಗೆ ಸಾಕು ಅನ್ನುತ್ತಿದ್ದವನು "ಇನ್ನೊಂದು ತಾ" ಅಂದ. ಕಡಿಮೆ ಕುಡಿಯುವವಳು "ನಂದೂ ಅದರಲ್ಲೇ ಇದೆಯಲ್ಲ" ಅಂತ ಸುಮ್ಮನೆ ಗಮನಿಸುತ್ತಿದ್ದಳು. ಸ್ಟಾಲಿನವರು ರಸೀದಿ ಕೊಡಲಿಲ್ಲ, ಬ್ಯಾಲೆನ್ಸ್ ಎಷ್ಟು ಅಂತ ಅವರ ಮಷಿನ್ ತೋರಿಸಿದಾಗ ಮಾತ್ರ ಗೊತ್ತಾಗುತ್ತಿತ್ತು. ಮೊದಲೆರಡು ಸುತ್ತು ಫೋನಿನಲ್ಲಿ ಬರೆದುಕೊಂಡೆ. ಆಮೇಲೆ ಎರಡೂ ಕೈಯಲ್ಲಿ ಗ್ಲಾಸ್ ಹಿಡಿದವಳು ಎಲ್ಲಿಂದ ಬರೆಯಲಿ?

ಬಿಯರ್ ಹೇಗಿತ್ತು ಅಂತ ಕೇಳುತ್ತೀರಿ. ಅರ್ಧ ಗ್ಲಾಸ್ ನೊರೆ. ಮೋಸ ಅಂತ ಪಕ್ಕದವರು ಜಗಳಕ್ಕೆ ನಿಂತರು, ಆದರೆ ಅದರಲ್ಲಿ ಬಿಸಿಲಿನ ಪಾಲೇ ಜಾಸ್ತಿ. ಬಿಯರಿನಲ್ಲಿ ಕರಗಿರುವ ಗ್ಯಾಸ್ ತಣ್ಣಗಿರುವಷ್ಟು ಹೊತ್ತು ಒಳಗೆ ಇರುತ್ತದೆ, ಬೆಚ್ಚಗಾಯಿತೋ ಹೊರಗೆ ನುಗ್ಗುತ್ತದೆ. ಅಲ್ಲೇ ಬಿಯರ್ ತಯಾರಿಸಿ ಕೊಡುವ ಬ್ರೂಪಬ್ಬಿನಲ್ಲಿ ಟ್ಯಾಂಕೂ ತಣ್ಣಗೆ, ಪೈಪೂ ತಣ್ಣಗೆ. ಬಯಲಿನಲ್ಲಿ ಕೆಗ್ಗುಗಳ, ಅಂದರೆ ಬಿಯರ್ ಪೀಪಾಯಿಗಳ ಮೇಲೆ ಒದ್ದೆ ಗೋಣಿಚೀಲ ಹೊದೆಸಿ, ಐಸ್ ಡಬ್ಬಿಯೊಳಗೆ ಪೈಪು ಸುತ್ತಿ ಹೇಗೋ ತಣ್ಣಗಿಡಬೇಕು. ಮಧ್ಯಾಹ್ನದ ಹೊತ್ತಿಗೆ ಐಸ್ ಕರಗಿದರೆ ಮುಗಿಯಿತು. ಇನ್ನೊಂದು ವಿಷಯ, ಬಿಯರಿಗೆ ಕಹಿ ಕೊಡುವ ಹಾಪ್ಸ್‌ಗೂ ಬಿಸಿಲಿಗೂ ಆಗಿಬರುವುದಿಲ್ಲ. ಬೆಳಕು ಬಿದ್ದರೆ ಅದರಿಂದ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಬಿಯರ್ ಬಾಟಲಿಗಳು ಹೆಚ್ಚಾಗಿ ಕಂದು ಬಣ್ಣ ಇರುವುದು ಇದಕ್ಕೇ. ಪಾರದರ್ಶಕ ಪ್ಲಾಸ್ಟಿಕ್ ಗ್ಲಾಸಿನಲ್ಲಿ ಬಿಸಿಲಲ್ಲಿ ಹಿಡಿದು ನಿಂತರೆ, ಹಾಪ್ಸ್ ಜಾಸ್ತಿ ಹಾಕಿದ ಐಪಿಎ ಅನ್ನುವ ಒಳ್ಳೆ ಬಿಯರ್ ಕೂಡ ನಿಮ್ಮ ಕಣ್ಣೆದುರೇ ಕೆಡುತ್ತದೆ.

ಐದು ಗಂಟೆ ದಾಟುತ್ತಿದ್ದ ಹಾಗೆ ಪೂರ್ವದ ಕಡೆ ಕಪ್ಪಾಯಿತು. ಬೆಂಗಳೂರಿನವರಿಗೆ ಇದನ್ನು ಹೇಳಬೇಕಾ? ಮೇ ತಿಂಗಳಲ್ಲಿ ಇಲ್ಲಿ ಸರಾಸರಿ 10 ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದೂ ಬಹುತೇಕ ಸಂಜೆ ಹೊತ್ತು, ಗುಡುಗು ಗಾಳಿ ಸಮೇತ. ಬೇಸಿಗೆ ಅನ್ನುವ ಹೆಸರು ನೋಡಿ ನಾವೆಲ್ಲ ಮರೆತಿದ್ದೆವು. ಆಲಿಕಲ್ಲು ಬಿತ್ತು. ಪೆಂಡಾಲಿನ ಒಂದು ಬದಿ ಹಾರಿತು. ಕರೆಂಟಿಗೆ ಹೆದರಿ ಜನರೇಟರ್ ಆಫ್ ಮಾಡಿದರು, ಅದರ ಜೊತೆ ಸ್ಟಾಲಿನ ಮಷಿನ್‌ಗಳೂ ಆಫ್. ಮೈಕಿನಲ್ಲಿ ಇವತ್ತಿಗೆ ಇಷ್ಟೇ ಅಂತ ಹೇಳಿದರು. ನನ್ನ ಕೈಯಲ್ಲಿ ಆರು ಜನರ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು.

ಮನೆಗೆ ಬಂದಾಗ ಮೈಯೆಲ್ಲ ಕೆಸರು. ಕೈಯ ಬ್ಯಾಂಡ್ ಒದ್ದೆಯಾಗಿ, ಹುಳಿ ಬಿಯರಿನ ವಾಸನೆ ಹೊಡೆಯುತ್ತಿತ್ತು. ಅಡುಗೆಮನೆಯ ಕತ್ತರಿ ತಗೊಂಡು ಕತ್ತರಿಸಿ ಕಸದ ಬುಟ್ಟಿಗೆ ಎಸೆದು ಮಲಗಿದೆ. ಬೆಳಗ್ಗೆ ಕಸದ ಆಟೊ ಬಂತು, ಬುಟ್ಟಿ ಖಾಲಿಯಾಯಿತು. ಹತ್ತು ಗಂಟೆಗೆ ಮೆಸೇಜು: ಉಳಿದ ಹಣ ವಾಪಸ್ ಬೇಕಾದವರು ಈ ಲಿಂಕಿನಲ್ಲಿ ಅರ್ಜಿ ಹಾಕಿ, ಬ್ಯಾಂಕ್ ವಿವರ ಕೊಡಿ, ಬ್ಯಾಂಡಿನ ಹಿಂದೆ ಇರುವ ನಂಬರ್ ಬರೆಯಿರಿ.

ಬ್ಯಾಂಡಿನ ಹಿಂದೆ ಇರುವ ನಂಬರ್. ಅದರ ಒಂದು ಫೋಟೊ ತೆಗೆದಿಟ್ಟಿದ್ದರೆ ಸಾಕಿತ್ತು. ಗೇಟಿನಲ್ಲೇ, ಅಥವಾ ಕ್ಯೂನಲ್ಲಿ ನಿಂತಾಗ, ಅಥವಾ ಮಳೆಯಲ್ಲಿ ಕ್ಯಾಬಿಗೆ ಕಾದಾಗ. ಅವತ್ತು ನೊರೆಯ ಫೋಟೊ, ಆಲಿಕಲ್ಲಿನ ಫೋಟೊ, ಕಬಾಬಿನ ಫೋಟೊ ಎಲ್ಲ ತೆಗೆದಿದ್ದೆ. ಒಂದು ಫೋಟೊದಲ್ಲಿ ನನ್ನ ಕೈಯೂ ಬಿದ್ದಿದೆ, ಬ್ಯಾಂಡಿನ ಮುಂಭಾಗ ಸ್ಪಷ್ಟವಾಗಿ ಕಾಣುತ್ತದೆ. ಹಿಂಭಾಗ ನನ್ನ ಮಣಿಕಟ್ಟಿಗೆ ಅಂಟಿಕೊಂಡಿದೆ. ಮೇಲ್ ಮಾಡಿದೆ, ಫೋನ್ ಮಾಡಿದೆ, ದುಡ್ಡು ಹಾಕಿಸಿದ ದಾಖಲೆ ಕಳಿಸಿದೆ. ನಂಬರ್ ಇಲ್ಲದೆ ಆಗುವುದಿಲ್ಲ ಮೇಡಂ ಅಂದರು. ಅರ್ಜಿ ಹಾಕುವ ದಿನವೂ ಮುಗಿಯಿತು.

ದುಡ್ಡು ಹೋದರೆ ಹೋಗಲಿ. ಆದರೆ ಉಳಿದವರಿಗೆ ಏನು ಹೇಳಲಿ? ಮೂವರು ಬಿಡು ಅಂದರು. ಒಬ್ಬ ಅರ್ಧ ಕೊಡು ಅಂದ, ಕೊಟ್ಟೆ. ನನ್ನನ್ನು ಖಜಾಂಚಿ ಮಾಡಿದ ಗೆಳತಿ ಮಾತ್ರ ತಾನು ಕುಡಿದದ್ದು ಎಷ್ಟು, ಬೇರೆಯವರು ಕುಡಿದದ್ದು ಎಷ್ಟು ಅಂತ ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದಳು. ಪೂರ್ತಿ ಕೊಟ್ಟೆ. ಆದರೂ ಆಮೇಲೆ ಮಧ್ಯಾಹ್ನದ ಊಟಕ್ಕೆ ಅವಳು ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಈಗ ಇಬ್ಬರೂ ಬೇರೆ ಬೇರೆ ಕಂಪನಿ. ಹಾಗಾಗಿ ನಿಮ್ಮ ಫೆಸ್ಟಿನಲ್ಲೂ ಬ್ಯಾಂಡ್ ಇದ್ದರೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಹಾಕಿಸಿ, ಸ್ವಲ್ಪ ಸ್ವಲ್ಪವೇ ತುಂಬಿಸಿ, ನಂಬರಿನ ಫೋಟೊ ತೆಗೆಯಿರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಸೂಲಿ ಅನ್ನುವ ಯೋಚನೆಯೇ ಸರಿಯಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಯಾರಾದರೂ ಕಡಲೆಕಾಯಿ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗುತ್ತಾರಾ? ಜನ ನೋಡಲು, ನೂಕುನುಗ್ಗಲಲ್ಲಿ ಅಲೆಯಲು ಹೋಗುತ್ತಾರೆ. ಬಿಯರ್ ಫೆಸ್ಟೂ ಅಷ್ಟೇ, ಅದು ಜಾತ್ರೆ. ಹಾಡು, ಗದ್ದಲ, ಹೊಸ ಮುಖಗಳು ಇಷ್ಟ ಅಂದರೆ ಗೇಟ್ ಟಿಕೆಟನ್ನು ಅದಕ್ಕೆ ಕೊಟ್ಟೆ ಅಂದುಕೊಂಡು ಹೋಗಿ, ಒಂದೇ ಒಂದು ಗ್ಲಾಸ್ ಕುಡಿದು ಬನ್ನಿ. ಬಿಯರ್ ರುಚಿ ನೋಡಬೇಕು ಅನ್ನುವುದೇ ಉದ್ದೇಶ ಆಗಿದ್ದರೆ ದಯವಿಟ್ಟು ಹೋಗಬೇಡಿ. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಯಾಕಂದರೆ ನೀವಿರುವುದು ಬೆಂಗಳೂರಿನಲ್ಲಿ. ಯುನೈಟೆಡ್ ಬ್ರೂವರೀಸ್ (ಯುಬಿ) ಅನ್ನುವ ಬಿಯರ್ ಕಂಪನಿ 1915ರಲ್ಲಿ ಶುರುವಾದದ್ದು, ಯುಬಿ ಸಿಟಿ ಇರುವ ಜಾಗದಲ್ಲಿ ಮೊದಲು ಇದ್ದದ್ದೇ ಬ್ರೂವರಿ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್, ಮರುವರ್ಷ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ಬಂದ ಮೇಲಂತೂ ಕಾಲಿಟ್ಟಲ್ಲೆಲ್ಲ ಮೈಕ್ರೋಬ್ರೂವರಿಗಳು. ವಾರದ ಮಧ್ಯೆ ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿ. ಜಾಗ ಖಾಲಿ ಇರುತ್ತದೆ. ಸಣ್ಣ ಸಣ್ಣ ಗ್ಲಾಸಿನಲ್ಲಿ ಎಲ್ಲ ಬಗೆಯೂ ಒಂದು ಮರದ ತಟ್ಟೆಯಲ್ಲಿ ಬರುತ್ತದೆ, ಅದನ್ನು ಸ್ಯಾಂಪ್ಲರ್ ಅನ್ನುತ್ತಾರೆ. ಕೌಂಟರಿನ ಹುಡುಗನಿಗೆ ಪುರುಸೊತ್ತಿದ್ದರೆ ಮಾತಾಡುತ್ತಾನೆ. ವೀಟ್ ಬಿಯರಿನಲ್ಲಿ ಬಾಳೆಹಣ್ಣಿನ ಘಮ ಬಂದರೆ ಅದು ಹಣ್ಣು ಹಾಕಿದ್ದಲ್ಲ, ಯೀಸ್ಟಿನ ಕೆಲಸ ಅಂತ ನನಗೆ ಗೊತ್ತಾದದ್ದು ಹೀಗೇ ಒಂದು ಬುಧವಾರ. ಫೆಸ್ಟಿನಲ್ಲಿ ಆ ಹುಡುಗ ನಿಮ್ಮ ಮುಖ ಕೂಡ ನೋಡುವುದಿಲ್ಲ.

ಆದರೂ ವಸೂಲಿ ಲೆಕ್ಕವೇ ಬೇಕು ಅಂದರೆ ಇದನ್ನೂ ಸೇರಿಸಿ. 500 ಎಂಎಲ್‌ನ ಒಂದು ಮಗ್, 5 ಪರ್ಸೆಂಟ್ ಬಿಯರ್ ಅಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಗಂಟೆಗೆ ಲಿವರ್ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. ಒಂದು ಮಗ್ ಇಳಿಯಲು ಎರಡು ಮೂರು ಗಂಟೆ ಬೇಕು. ಜೊತೆಗೆ ಬಿಯರ್ ಬಾಯಾರಿಕೆ ತಣಿಸುವುದಿಲ್ಲ, ಮೈಯ ನೀರನ್ನು ಹೊರಗೆ ಕಳಿಸುತ್ತದೆ. ಬಿಸಿಲಿನಲ್ಲಿ ದುಡ್ಡು ವಸೂಲಿ ಮಾಡಲು ಹೋದವರನ್ನು ಫಸ್ಟ್ ಏಡ್ ಟೆಂಟಿನಲ್ಲಿ ನೋಡಿದ್ದೇನೆ. ಗ್ಲಾಸಿಗೊಂದು ಬಾಟಲಿ ನೀರು ಕುಡಿಯಿರಿ, ಮನೆಯಿಂದ ಅನ್ನ ತಿಂದು ಹೊರಡಿ. ನೀರು ಕುಡಿದ ಮೇಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹೆಂಗಸರ ಟಾಯ್ಲೆಟ್ಟಿನ ಕ್ಯೂ ಬಿಯರಿನ ಕ್ಯೂಗಿಂತ ಉದ್ದ ಇರುತ್ತದೆ, ನಿಮ್ಮ ಹೆಂಡತಿಗೆ ಮೊದಲೇ ತಿಳಿಸಿ.

ತಾರೀಖನ್ನೂ ನೋಡಿಕೊಳ್ಳಿ. ಬೇಸಿಗೆ ಇಲ್ಲಿ ಚುನಾವಣೆಯ ಕಾಲವೂ ಹೌದು. 2023ರಲ್ಲಿ ಮೇ 10ಕ್ಕೆ ವಿಧಾನಸಭೆ, 2024ರಲ್ಲಿ ಏಪ್ರಿಲ್ 26ಕ್ಕೆ ಲೋಕಸಭೆ ಮತದಾನ ಆಯಿತು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚಿನಿಂದ ಮದ್ಯ ಬಂದ್.

ಕೊನೆಗೆ ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದು ಬಿಟ್ಟ ವಿಷಯ. ಕಾರಿನಲ್ಲಿ ಹೋಗುತ್ತೇವೆ, ವಾಪಸ್ ಬರುವಾಗ ಹೆಂಡತಿ ಓಡಿಸುತ್ತಾಳೆ ಅಂದಿದ್ದೀರಿ. ನೀವು ಓಡಿಸದಿರುವುದು ಒಳ್ಳೆಯದೇ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದರೆ ಅವರನ್ನು ಕೇಳಿದ್ದೀರಾ? ಟಿಕೆಟ್ ಅವರಿಗೂ ಅಷ್ಟೇ ದುಡ್ಡು, ಕುಡಿಯುವುದು ನೀವು, ನೀವು ಕುಡಿಯುವುದನ್ನು ಸಂಜೆಯೆಲ್ಲ ನೋಡಿಕೊಂಡು ನಿಂತು ರಾತ್ರಿ ವೈಟ್‌ಫೀಲ್ಡಿನಿಂದ ಕೆಂಗೇರಿಯವರೆಗೆ ಊರು ದಾಟಿಸುವುದು ಅವರು. ಅವರಿಗೂ ಜಾತ್ರೆ ಇಷ್ಟ ಇದ್ದರೆ ಮಾತ್ರ ಎರಡು ಟಿಕೆಟ್ ತಗೊಳ್ಳಿ. ಇಲ್ಲದಿದ್ದರೆ ಒಬ್ಬರೇ ಹೋಗಿ ಅಥವಾ ಗೆಳೆಯರ ಜೊತೆ ಹೋಗಿ. ಎರಡರಲ್ಲಿ ಯಾವುದಾದರೂ ಸರಿ, ಕಾರು ಮಾತ್ರ ಮನೆಯಲ್ಲೇ ಇರಲಿ. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೊ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ನೇರ ಹೋಗುತ್ತದೆ, ಎಲ್ಲೂ ಬದಲಾಯಿಸಬೇಕಾಗಿಲ್ಲ. ಒಂದೂವರೆ ಗಂಟೆ ಹತ್ತಿರ ಬೇಕು ಅಂತ ಇಟ್ಟುಕೊಳ್ಳಿ. ಕೊನೆಯ ರೈಲಿಗೆ ಕಾಯಬೇಡಿ, ಒಂಬತ್ತಕ್ಕೇ ಎದ್ದರೆ ಕೂರಲು ಸೀಟಾದರೂ ಸಿಗಬಹುದು.