ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟೆ, ಸಿಸ್ಟರಮ್ಮ

ಓದುಗರ ಪ್ರಶ್ನೆ, ಸಿಸ್ಟರಮ್ಮನ ಉತ್ತರ

ಪ್ರಶ್ನೆ: ಸಿಸ್ಟರಮ್ಮನವರಿಗೆ ನಮಸ್ಕಾರ. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಹೋಗಿ ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾನು ಮಧ್ಯಾಹ್ನ ಮೂರು ಗಂಟೆಯ ದೈವಕರುಣೆಯ ಜಪಸರವನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಒಂಬತ್ತು ದಿನದ ನೊವೇನ ಪ್ರಾರ್ಥನೆ ಎಷ್ಟು ಮಾಡಿದೆನೋ ಲೆಕ್ಕವೇ ಇಲ್ಲ. ಪ್ರಾರ್ಥನಾ ಕೂಟದ ಒಬ್ಬ ಅಕ್ಕ "ನಿಮ್ಮ ವಿಶ್ವಾಸದಲ್ಲೇ ಏನೋ ಕೊರತೆ ಇದೆ" ಅಂದರು. ನಮ್ಮ ಅತ್ತೆ "ಯಾರು ಮಾಡಿದ ಪಾಪವೋ" ಅನ್ನುತ್ತಾರೆ. ಇನ್ನೊಬ್ಬರು "ದೇವರು ಪ್ರೀತಿಸುವವರಿಗೇ ಕಷ್ಟ ಕೊಡೋದು" ಅಂತ ಸಮಾಧಾನ ಹೇಳಿದರು. ಹೋದ ವಾರ ಸಿಟ್ಟು ತಡೆಯಲಾಗದೆ ದೈವಕರುಣೆಯ ಯೇಸುವಿನ ಚಿತ್ರವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟೆ. ಇನ್ನೂ ಹಾಗೇ ಇದೆ. ನಾನು ಮಾಡಿದ್ದು ದೊಡ್ಡ ಪಾಪವೇ?
(ಹೆಸರು ಬೇಡ, ಹಾಸನ)

ಉತ್ತರ: ಇಲ್ಲ ತಾಯಿ. ಮೊದಲು ಒಂದು ಲೋಟ ಕಾಫಿ ಮಾಡಿಕೊಂಡು ಕೂತ್ಕೊಳ್ಳಿ. ಇದು ಸ್ವಲ್ಪ ಉದ್ದದ ಉತ್ತರ.

ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ಸಿಟ್ಟನ್ನು ತುಂಬಾ ನೋಡಿದ್ದೇನೆ. ದೇವರ ಮೇಲೆ ಸಿಟ್ಟು ಮಾಡಿಕೊಂಡವರ ಬಗ್ಗೆ ನನಗೆ ಯಾವತ್ತೂ ಭಯವಾಗಿಲ್ಲ. ದೇವರ ಪರವಾಗಿ ಥಟ್ಟನೆ ಉತ್ತರ ಕೊಡುವವರ ಬಗ್ಗೆಯೇ ಭಯ. ಹಾಗೆ ಉತ್ತರ ಕೊಟ್ಟವಳು ನಾನೂ ಹೌದು, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೇಳು ವರ್ಷ. ಸುಟ್ಟಗಾಯದ ವಾರ್ಡಿನಲ್ಲಿ ನೈಟ್ ಡ್ಯೂಟಿ. ಸೀಮೆಎಣ್ಣೆ ಸ್ಟೌ ಸಿಡಿದು ಒಂಬತ್ತು ವರ್ಷದ ಹುಡುಗಿಯನ್ನು ತಂದಿದ್ದರು. ಮೂರನೆಯ ರಾತ್ರಿ ಮಗು ಹೋಯಿತು. ತಾಯಿ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಮಠದಲ್ಲಿ ಕಲಿತ ಮಾತನ್ನು ಹೇಳಿದೆ. "ದೇವರ ಚಿತ್ತ ಅಮ್ಮಾ." ಆಕೆ ತಲೆ ಎತ್ತಿ ನೋಡಿ ಕೇಳಿದಳು: "ನಿಮ್ಮ ದೇವರಿಗೆ ಮಕ್ಕಳಿಲ್ವಾ ಸಿಸ್ಟರ್?"

ನಾನು ಸುಮ್ಮನಾದೆ. ಇದ್ದ, ಒಬ್ಬನೇ ಮಗ ಇದ್ದ, ಅವನನ್ನೂ ಜನ ಕೊಂದರು ಅಂತ ಹೊಳೆದದ್ದು ಬೆಳಗಿನ ಜಾವ. ಆಗಲೂ ಹೋಗಿ ಹೇಳಲಿಲ್ಲ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಹೇಳಿದ್ದರೆ ವಾದ ಗೆದ್ದ ಹಾಗೆ ಕೇಳಿಸುತ್ತಿತ್ತು. ಶವ ತೆಗೆದುಕೊಂಡು ಹೋಗುವ ಕಾಗದ ಸಿಗುವ ತನಕ ಆಕೆಯ ಜೊತೆ ಬೆಂಚಿನ ಮೇಲೆ ಕೂತಿದ್ದೆ, ಅಷ್ಟೇ. ಹೋಗುವಾಗ ಆಕೆ ನನ್ನ ಕೈ ಮುಟ್ಟಿ ಹೋದಳು.

ಈಗ ನಿಮಗೆ ಸಿಕ್ಕ ಮೂರು ಮಾತಿಗೆ ಬರೋಣ.

ಅತ್ತೆಯವರ ಮಾತಿಗೆ ಯೇಸುಸ್ವಾಮಿಯೇ ಉತ್ತರ ಕೊಟ್ಟಾಗಿದೆ. ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು "ಯಾರು ಮಾಡಿದ ಪಾಪ, ಇವನದೋ ಅಪ್ಪ ಅಮ್ಮನದೋ" ಅಂತ ಕೇಳಿದರು. ಇವನದೂ ಅಲ್ಲ, ಅವರದೂ ಅಲ್ಲ ಅಂದರು ಸ್ವಾಮಿ. ಯೊವಾನ್ನರ ಶುಭಸಂದೇಶ, ಒಂಬತ್ತನೆಯ ಅಧ್ಯಾಯ. ಸಿಲೋವಾದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳೇನಲ್ಲ ಅಂತಲೇ ಹೇಳಿದರು. ಅತ್ತೆಯ ಜೊತೆ ಜಗಳ ಬೇಡ. ಮಗ ಹಾಸಿಗೆ ಹಿಡಿದಾಗ ತಾಯಿ ಯಾರ ಮೇಲಾದರೂ ತಪ್ಪು ಹೊರಿಸಲೇಬೇಕಾಗುತ್ತದೆ. ಒಂದು ಸಂಜೆ ಆ ಅಧ್ಯಾಯವನ್ನು ಜೋರಾಗಿ ಓದಿ. ಅವರಿಗೂ ಕೇಳಿಸಲಿ.

"ಪ್ರೀತಿಸುವವರಿಗೇ ಕಷ್ಟ" ಅಂದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಸಾಯುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ಕಷ್ಟಕ್ಕೆ ಕೈ ಚಾಚಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡರು. ಶಿಲುಬೆಯ ಮೇಲೆ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಕೂಗಿದರು. ಅದು 22ನೆಯ ಕೀರ್ತನೆಯ ಮೊದಲ ಸಾಲು. 88ನೆಯ ಕೀರ್ತನೆಯನ್ನು ಓದಿದ್ದೀರಾ? ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ. ಚಿತ್ರ ತಿರುಗಿಸಿದಿರಲ್ಲ, ಅದು ನಿಮ್ಮ 88ನೆಯ ಕೀರ್ತನೆ ಅಂದುಕೊಳ್ಳಿ.

ಮೂರನೆಯದು ವಿಶ್ವಾಸದ ಕೊರತೆ. ಇದಕ್ಕೆ ನನಗೆ ನಿಜವಾಗಿ ಕೋಪ ಬರುತ್ತದೆ. ನೀವು ಹೇಳುವ ಆ ಜಪಸರ ನಮಗೆ ಬಂದದ್ದು ಪೋಲೆಂಡಿನ ಸಂತ ಫೌಸ್ತಿನಾ ಅವರಿಂದ. 1905ರಲ್ಲಿ ಹುಟ್ಟಿದವರು. ಬಡ ರೈತನ ಮನೆ, ಹತ್ತು ಮಕ್ಕಳಲ್ಲಿ ಮೂರನೆಯವರು. ಮೂರು ವರ್ಷ ಕೂಡ ಪೂರ್ತಿ ಶಾಲೆಗೆ ಹೋಗಲಿಲ್ಲ. ಮನೆಗೆಲಸ ಮಾಡಿ ಕಾಸು ಕೂಡಿಸಿಕೊಂಡು ಮಠ ಸೇರಿದರು. ಅಲ್ಲೂ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ. ಆಲೂಗಡ್ಡೆ ಬೇಯಿಸಿದ ದೊಡ್ಡ ಪಾತ್ರೆಯನ್ನು ಬಗ್ಗಿಸಿ ನೀರು ಬಸಿಯಲು ಕೈಯಲ್ಲಿ ಶಕ್ತಿ ಸಾಲುತ್ತಿರಲಿಲ್ಲ ಅಂತ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಓದಿದಾಗ ನನಗೆ ನಮ್ಮ ಅಮ್ಮನ ನೆನಪಾಯಿತು. ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ಅನ್ನದ ಗಂಜಿ ಬಸಿಯುವಾಗ ಅಮ್ಮನ ಮಣಿಕಟ್ಟು ನಡುಗುತ್ತಿತ್ತು.

ಫೌಸ್ತಿನಾ ಅವರಿಗೆ ಕ್ಷಯ ಬಂತು. ಹೊರಗೆ ಕಾಣುವ ಗಾಯವಲ್ಲವಲ್ಲ, ಹಾಗಾಗಿ ಮಠದ ಕೆಲವರು ಕೆಲಸ ತಪ್ಪಿಸಲು ನಾಟಕ ಮಾಡುತ್ತಾಳೆ ಅಂದುಕೊಂಡರು. 1938ರ ಅಕ್ಟೋಬರ್ 5ರಂದು, 33ನೆಯ ವಯಸ್ಸಿಗೆ, ಕ್ರಾಕುವಿನ ಮಠದಲ್ಲಿ ತೀರಿಕೊಂಡರು. ಇದನ್ನು ಆ ಅಕ್ಕನಿಗೆ ಹೇಳಿ. ದೈವಕರುಣೆಯನ್ನು ಇಡೀ ಲೋಕಕ್ಕೆ ಸಾರಿದ ಹೆಂಗಸಿಗೇ ಕಾಯಿಲೆ ವಾಸಿಯಾಗಲಿಲ್ಲ. ಅವರ ವಿಶ್ವಾಸದಲ್ಲಿ ಕೊರತೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಹಾಗಾದರೆ ಕರುಣೆ ಎಲ್ಲಿ ಅಂತ ನೀವು ಕೇಳುತ್ತೀರಿ. ಫೌಸ್ತಿನಾ ಬಾಗಿಲು ಕಾಯುತ್ತಿದ್ದಾಗಿನ ಒಂದು ಸಂಗತಿ ಇದೆ. ಮಳೆ, ಚಳಿ. ಹರಿದ ಬಟ್ಟೆಯ, ಬರಿಗಾಲಿನ ಒಬ್ಬ ಹುಡುಗ ಬಂದು ಬಿಸಿಯಾಗಿ ಏನಾದರೂ ಕೊಡಿ ಅಂದ. ಒಳಗೆ ಹೋಗಿ ನೋಡಿದರೆ ಏನೂ ಉಳಿದಿರಲಿಲ್ಲ. ಹುಡುಕಿದಾಗ ಸ್ವಲ್ಪ ಸೂಪು ಸಿಕ್ಕಿತು. ಬಿಸಿ ಮಾಡಿ, ರೊಟ್ಟಿ ಮುರಿದು ಹಾಕಿ ಕೊಟ್ಟರು. ಕುಡಿದ ಮೇಲೆ ಅವನು ಯೇಸು ಅಂತ ಗೊತ್ತಾಯಿತಂತೆ. ನನಗೆ ಇಷ್ಟವಾಗುವುದು ಆ ಕೊನೆಯಲ್ಲ, ಆ ಹುಡುಕಾಟ. ಖಾಲಿ ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಎತ್ತಿ ನೋಡುವುದು. ಎರಡು ವರ್ಷದಿಂದ ನೀವು ಮಾಡುತ್ತಿರುವುದೂ ಅದೇ ಅಲ್ವಾ? ಡಯಾಲಿಸಿಸ್‌ನ ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕಾಯುತ್ತೀರಿ, ನೀರನ್ನು ಅಳತೆ ಮಾಡಿ ಕೊಡುತ್ತೀರಿ, ಉಪ್ಪಿಲ್ಲದ ಸಾರಿಗೆ ರುಚಿ ಬರಿಸಲು ಒದ್ದಾಡುತ್ತೀರಿ. ಕರುಣೆ ಮನೆಗೆ ಬಂದಿಲ್ಲ ಅನ್ನುತ್ತೀರಲ್ಲ, ನಿಮ್ಮ ಯಜಮಾನರನ್ನೇ ಒಮ್ಮೆ ಕೇಳಿ ನೋಡಿ.

ಮಧ್ಯೆ ಒಂದು ಮಾತು, ಇದು ನರ್ಸ್ ಹೇಳುವುದು. ನೋಡಲು ಬರುವವರು ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್ ಆಗುವವರ ಹೃದಯಕ್ಕೆ ಅಪಾಯ. ನೀವೇ ಬಾಗಿಲಲ್ಲಿ ಇಸಿದುಕೊಂಡು ಅಕ್ಕಪಕ್ಕದ ಮಕ್ಕಳಿಗೆ ಕೊಟ್ಟುಬಿಡಿ. ಮತ್ತೆ, ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ? ನಿಮ್ಮ ಸಿಟ್ಟಿನಲ್ಲಿ ಅರ್ಧ ನಿದ್ದೆಗೇಡು ಅಂತ ನನ್ನ ಅನುಮಾನ. ವಾರಕ್ಕೆ ಒಂದು ದಿನ ಆಸ್ಪತ್ರೆಗೆ ಬೇರೆ ಯಾರಾದರೂ ಹೋಗಲಿ. ವಿಶ್ವಾಸದ ಕೊರತೆ ಕಂಡುಹಿಡಿದ ಆ ಅಕ್ಕನನ್ನೇ ಕೇಳಿ. ಬರುತ್ತಾರೆ, ನೋಡಿ.

ಗುರುಗಳನ್ನು ಮನೆಗೆ ಕರೆದು ಯಜಮಾನರಿಗೆ ಅಭ್ಯಂಗ ಸಂಸ್ಕಾರ ಕೊಡಿಸಿ. ಎಣ್ಣೆ ಹಚ್ಚಲು ಫಾದರ್ ಬಂದರೆ ಆಯಿತು, ಆಸಾಮಿ ಹೋದ ಅಂತ ಹೆದರುವ ಜನ ಇನ್ನೂ ಇದ್ದಾರೆ. ಅದು ಸಾಯುವವರಿಗೆ ಮಾತ್ರ ಅಲ್ಲ, ಕಾಯಿಲೆ ಗಂಭೀರವಾಗಿರುವವರಿಗೆ. ಇನ್ನೂ ಹೆಚ್ಚಾದರೆ ಮತ್ತೊಮ್ಮೆ ಪಡೆಯಬಹುದು. ಹಣೆಗೂ ಅಂಗೈಗೂ ಎಣ್ಣೆ ಹಚ್ಚುತ್ತಾರೆ. ಸೂಜಿ ಚುಚ್ಚಿ ಚುಚ್ಚಿ ಬೇಸತ್ತ ದೇಹವನ್ನು ಒಬ್ಬರು ಮೆತ್ತಗೆ ಮುಟ್ಟುವುದು ಎಷ್ಟು ದೊಡ್ಡದು ಅಂತ ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನು ಆ ಚಿತ್ರ. ಅದನ್ನು ಮೊದಲು ಬಿಡಿಸಿದ್ದು 1934ರಲ್ಲಿ, ವಿಲ್ನಿಯಸ್ ಊರಿನಲ್ಲಿ, ಕಾಜಿಮಿರೊವ್ಸ್ಕಿ ಅನ್ನುವ ಚಿತ್ರಕಾರರು. ಅದನ್ನು ನೋಡಿ ಫೌಸ್ತಿನಾ, ತಾನು ಕಂಡಷ್ಟು ಚೆನ್ನಾಗಿಲ್ಲ ಅಂತ ಅತ್ತರು. ಹಾಗಾಗಿ ಆ ಚಿತ್ರದ ಮುಂದೆ ಬೇಜಾರು ಮಾಡಿಕೊಂಡವರಲ್ಲಿ ನೀವು ಮೊದಲಿನವರೇನಲ್ಲ. ಅವಸರದಿಂದ ತಿರುಗಿಸಬೇಡಿ. ಮನಸ್ಸು ಬಂದಾಗ ತಿರುಗಿಸಿ. ಆಗ ಮುಖಕ್ಕಿಂತ ಮೊದಲು ಕೈಗಳನ್ನು ನೋಡಿ. ಸಾವನ್ನು ಗೆದ್ದು ಎದ್ದು ಬಂದ ಮೇಲೂ ಮೊಳೆಯ ಗುರುತು ಹಾಗೇ ಇದೆ. ನಿಮ್ಮ ಯಜಮಾನರ ತೋಳಿನಲ್ಲಿ ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕಡೆ ನರ ಉಬ್ಬಿರುತ್ತದಲ್ಲ, ಸೂಜಿಯ ಕಲೆಗಳು ಇರುತ್ತವಲ್ಲ, ಅದನ್ನು ಮುಚ್ಚಲು ಅವರು ಉದ್ದ ತೋಳಿನ ಅಂಗಿ ಹಾಕುತ್ತಾರಾ? ನಾನು ನೋಡಿಕೊಂಡವರಲ್ಲಿ ತುಂಬಾ ಜನ ಹಾಕುತ್ತಿದ್ದರು.

ಪಾಪನಿವೇದನೆಗೆ ಹೋಗಬೇಕು ಅನ್ನಿಸಿದರೆ ಹೋಗಿ. ನನಗೆ ಬರೆದ ಹಾಗೇ ಹೇಳಿ, ಏನೂ ಶೃಂಗಾರ ಬೇಡ. ಮುಂದಿನ ತಿಂಗಳು ಎರಡು ಸಾಲು ಬರೆಯಿರಿ. ಚಿತ್ರದ ವಿಷಯ ಬೇಡ, ಯಜಮಾನರ ವಿಷಯ ಬರೆಯಿರಿ.

ಪ್ರಶ್ನೆ: ದೈವಕರುಣೆಯ ಭಕ್ತಿಯನ್ನು ಒಂದು ಕಾಲದಲ್ಲಿ ಚರ್ಚೇ ತಡೆದಿತ್ತು ಅಂತ ಓದಿದೆ. ನಿಜವೇ?
(ಕಾಲೇಜು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ನಿಜ. ಫೌಸ್ತಿನಾ ಅವರು ಹೇಳಿದ ರೂಪದಲ್ಲಿ ಈ ಭಕ್ತಿಯನ್ನು ಹರಡಬಾರದು ಅಂತ 1959ರಲ್ಲಿ ರೋಮಿನಿಂದ ಆದೇಶ ಬಂತು. ದಿನಚರಿಯ ಅನುವಾದ ಸರಿ ಇರಲಿಲ್ಲ, ಮೂಲ ಹಸ್ತಪ್ರತಿ ರೋಮಿನವರ ಕೈಗೆ ಸಿಕ್ಕಿರಲಿಲ್ಲ. ಆದೇಶ ಹಿಂದಕ್ಕೆ ಹೋದದ್ದು 1978ರ ಏಪ್ರಿಲ್‌ನಲ್ಲಿ. ಫೌಸ್ತಿನಾ ಅವರ ಆತ್ಮಗುರು ಫಾದರ್ ಸೊಪೊಚ್ಕೊ ಈ ಭಕ್ತಿಗಾಗಿ ಜೀವನವಿಡೀ ದುಡಿದವರು. ಅವರು 1975ರಲ್ಲೇ ತೀರಿಕೊಂಡಿದ್ದರು. ನನಗೆ ಇದರಲ್ಲಿ ಮನಸ್ಸು ಕಲಕುವುದು ಅದೊಂದೇ.

ಮುಂದಿನದು ನಿಮಗೆ ಗೊತ್ತಿರಬಹುದು. ಜರ್ಮನರು ಪೋಲೆಂಡನ್ನು ಆಕ್ರಮಿಸಿದ್ದಾಗ ಕ್ರಾಕುವಿನ ಸೋಲ್ವೆ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದ ಯುವಕನೊಬ್ಬ ಮರದ ಚಪ್ಪಲಿ ಮೆಟ್ಟಿಕೊಂಡು ಫೌಸ್ತಿನಾ ಅವರ ಮಠದ ದಾರಿಯಲ್ಲಿ ನಡೆಯುತ್ತಿದ್ದ. ಅವನೇ ಪೋಪ್ ಎರಡನೆಯ ಜಾನ್ ಪೌಲ್ ಆಗಿ 2000ದ ಏಪ್ರಿಲ್ 30ರಂದು ಅವರನ್ನು ಸಂತರೆಂದು ಸಾರಿದರು. ಪಾಸ್ಕದ (ಈಸ್ಟರ್) ನಂತರದ ಭಾನುವಾರವನ್ನು ದೈವಕರುಣೆಯ ಭಾನುವಾರ ಮಾಡಿದ್ದೂ ಅವರೇ. 2002ರಲ್ಲಿ ಅಲ್ಲಿನ ಹೊಸ ಮಹಾದೇವಾಲಯವನ್ನು ಪ್ರತಿಷ್ಠಾಪಿಸಲು ಬಂದಾಗ ಆ ಮರದ ಚಪ್ಪಲಿಯನ್ನು ತಾವೇ ನೆನಪು ಮಾಡಿಕೊಂಡರು.

ಪ್ರಶ್ನೆ: ನಾನು ಬಸ್ ಡ್ರೈವರ್. ಮೂರು ಗಂಟೆಗೆ ಯಾವಾಗಲೂ ಡ್ಯೂಟಿಯಲ್ಲೇ ಇರುತ್ತೇನೆ. ಜಪಸರ ಹೇಗೆ ಹೇಳಲಿ?
(ಓದುಗ, ಶಿವಮೊಗ್ಗ)

ಉತ್ತರ: ಜಪಸರ ರಾತ್ರಿ ಹೇಳಿ, ಏಳೆಂಟು ನಿಮಿಷದ ಕೆಲಸ. ಮೂರು ಗಂಟೆಗೆ ಪುರುಸೊತ್ತಿಲ್ಲದವರು ಇದ್ದಲ್ಲಿಯೇ ಒಂದು ಕ್ಷಣ ನೆನೆದರೂ ಸಾಕು ಅಂತ ದಿನಚರಿಯಲ್ಲೇ ಇದೆ. "ಯೇಸುವೇ, ನಿಮ್ಮಲ್ಲಿ ನನಗೆ ಭರವಸೆಯಿದೆ" ಅನ್ನಿ. ಕಣ್ಣು ಮಾತ್ರ ಮುಚ್ಚಬೇಡಿ.