ಹಾನಾ ರಸ್ತೆಯಲ್ಲಿ ಸ್ಟೀರಿಂಗ್ ಯಾರ ಕೈಲಿ?

ಪ್ರಶ್ನೆ: ಮದುವೆಯಾಗಿ ಎಂಟು ವರ್ಷ. ಇಬ್ಬರೂ ಅಮೆರಿಕದಲ್ಲಿ ಕೆಲಸದಲ್ಲಿದ್ದೇವೆ. ಮುಂದಿನ ತಿಂಗಳು ಹವಾಯಿಯ ಮಾವಿ ದ್ವೀಪಕ್ಕೆ ಹೊರಟಿದ್ದೇವೆ. ಅಲ್ಲಿನ ಹಾನಾ ರಸ್ತೆಯಲ್ಲಿ ಇಡೀ ದಿನ ಕಾರು ಓಡಿಸಬೇಕೆನ್ನುವುದು ನಮ್ಮವರ ಬಹಳ ದಿನದ ಆಸೆ. ನನಗೋ ತಿರುವಿನ ರಸ್ತೆ ಅಂದರೆ ತಲೆಸುತ್ತು, ವಾಂತಿ. ಹೋದ ಸಲ ಒಂದು ಬೆಟ್ಟದ ದಾರಿಯಲ್ಲಿ ನನಗಾಗಿ ಗಾಡಿ ನಿಲ್ಲಿಸಬೇಕಾಯಿತು. ‘ನಿನ್ನಿಂದ ದಿನ ಹಾಳಾಯ್ತು’ ಅಂದರು, ಆಮೇಲೆ ರೂಮು ಸೇರುವವರೆಗೂ ಮಾತಿಲ್ಲ. ದಿನಾ ಆಫೀಸಿಗೆ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ, ಆಗ ಏನೂ ಆಗುವುದಿಲ್ಲ. ಟ್ರಿಪ್ಪಿನಲ್ಲಿ ಮಾತ್ರ ಸ್ಟೀರಿಂಗ್ ಕೊಡುವುದಿಲ್ಲ. ‘ನೀನು ಆರಾಮಾಗಿ ನೋಡ್ತಾ ಕೂತ್ಕೋ’ ಅನ್ನುತ್ತಾರೆ. ಬರಲ್ಲ ಅಂದರೆ ಅವರಿಗೆ ಬೇಜಾರು, ಹೋದರೆ ನನ್ನ ಗತಿ ದೇವರೇ ಬಲ್ಲ. ಏನು ಮಾಡಲಿ?

ಉತ್ತರ: ‘ಆಗ ಏನೂ ಆಗುವುದಿಲ್ಲ’ ಅಂತ ನೀವು ಹಾಗೇ ಬರೆದು ಮುಂದೆ ಹೋಗಿದ್ದೀರಲ್ಲ, ನಾನು ಅಲ್ಲೇ ನಿಂತುಬಿಟ್ಟೆ. ಕಾರು ತಿರುಗಿದ್ದು ಒಳಕಿವಿಗೆ ಗೊತ್ತಾಗುತ್ತದೆ. ಮೊಬೈಲೋ ಡ್ಯಾಶ್‌ಬೋರ್ಡೋ ನೋಡುತ್ತಿರುವ ಕಣ್ಣು ‘ಎಲ್ಲ ನಿಂತಲ್ಲೇ ಇದೆ’ ಅನ್ನುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಓಡಿಸುವವರಿಗೆ ಮುಂದಿನ ತಿರುವು ಮೊದಲೇ ಗೊತ್ತು, ತಿರುಗಿಸುವುದೂ ಅವರ ಕೈಯೇ. ಅದಕ್ಕೇ ಡ್ರೈವರಿಗೆ ವಾಂತಿ ಅಪರೂಪ. ಆ ರಸ್ತೆಯಲ್ಲಿ ಕಾರು ಓಡಿಸಬೇಕಾದವರು ನೀವು.

ವಿಮಾನ ಇಳಿಯುವ ಕಹುಲುಯಿ ಊರಿನಿಂದ ಹಾನಾಗೆ ಸುಮಾರು 84 ಕಿಲೋಮೀಟರ್. ಅಷ್ಟರಲ್ಲೇ 600ಕ್ಕೂ ಹೆಚ್ಚು ತಿರುವು, 59 ಸೇತುವೆ, ಅದರಲ್ಲಿ ಹೆಚ್ಚಿನವು ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ದಾಟುವಂಥವು. ಎದುರಿನವರು ಮೊದಲು ಬಂದಿದ್ದರೆ ನಿಂತು ದಾರಿ ಬಿಡಬೇಕು. ಹಿಂದೆ ಊರಿನವರ ಗಾಡಿ ಬಂದರೆ ಪಕ್ಕಕ್ಕೆ ಸರಿದು ಮುಂದೆ ಕಳಿಸಬೇಕು. ನಿಮಗದು ಪ್ರವಾಸ, ಅವರಿಗೆ ದಿನನಿತ್ಯದ ದಾರಿ. ಹೀಗಿರುವಾಗ ಓಡಿಸುವವರಿಗೆ ಜಲಪಾತ ನೋಡುವ ಪುರುಸೊತ್ತೆಲ್ಲಿ? ‘ಅಲ್ಲಿ ನೋಡಿ, ಅಲ್ಲಿ ನೋಡಿ’ ಅನ್ನುತ್ತೀರಿ, ಅವರ ಕಣ್ಣು ಮುಂದಿನ ಸೇತುವೆಯ ಮೇಲೆ. ನೀವು ನೋಡಿದ್ದು ಅವರು ನೋಡಿಲ್ಲ, ಅವರಿಗಾದ ಆಯಾಸ ನಿಮಗೆ ತಿಳಿಯಲ್ಲ. ಸಂಜೆಯ ಜಗಳಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

‘ಆರಾಮಾಗಿ ಕೂತ್ಕೋ’ ಅನ್ನುವುದರಲ್ಲಿ ಅಕ್ಕರೆಯೂ ಇದೆ, ನಿಮ್ಮ ಡ್ರೈವಿಂಗ್ ಮೇಲೆ ಒಂಚೂರು ಅಪನಂಬಿಕೆಯೂ ಇರಬಹುದು. ‘ನಿನ್ನಿಂದ ದಿನ ಹಾಳಾಯ್ತು’ ಅಂದದ್ದಂತೂ ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆ ಮಾತು ಇನ್ನೂ ಚುಚ್ಚುತ್ತಿದೆ ಅಂತ ಅವರಿಗೆ ಹೇಳಿ. ವಿಮಾನ ನಿಲ್ದಾಣದ ಕಾರ್ ಬಾಡಿಗೆ ಕೌಂಟರ್ ಮುಂದೆ ಅಲ್ಲ, ಈ ವಾರವೇ, ಮನೆಯಲ್ಲಿ, ಊಟ ಆದ ಮೇಲೆ. ವಾಂತಿಯ ವಿಷಯದಿಂದ ಶುರು ಮಾಡಿ, ಹಳೇ ಜಗಳದಿಂದ ಬೇಡ: ‘ರೀ, ನಾನು ಓಡಿಸಿದರೆ ನನಗೂ ಸರಿಹೋಗುತ್ತೆ, ನಿಮಗೂ ಸಮುದ್ರ ಕಾಣುತ್ತೆ.’

ಪೂರ್ತಿ ಬಿಟ್ಟುಕೊಡಲು ಅವರಿಗೆ ಮನಸ್ಸು ಬರದಿದ್ದರೆ ಹಂಚಿಕೊಳ್ಳಿ. ದಾರಿಯಲ್ಲಿ ಸಿಗುವ ಪಾಯಿಯಾ ಊರಲ್ಲಿ ಪೆಟ್ರೋಲ್ ತುಂಬಿಸಿ, ಅದು ಬಿಟ್ಟರೆ ಹಾನಾದವರೆಗೆ ಬಂಕ್ ಇಲ್ಲ. ಮುಂದೆ 36ನೇ ಹೆದ್ದಾರಿ 360 ಆಗುವ ಕಡೆ ಮೈಲಿಕಲ್ಲಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಬಿಗಿ ತಿರುವುಗಳೂ ಹೆಚ್ಚುಕಡಿಮೆ ಅಲ್ಲಿಂದಲೇ. ಅಲ್ಲಿಯವರೆಗೆ ಅವರು, ಅಲ್ಲಿಂದ ನೀವು. ಬಾಡಿಗೆ ಒಪ್ಪಂದದಲ್ಲಿ ನಿಮ್ಮ ಹೆಸರೂ ಡ್ರೈವರ್ ಎಂದು ಸೇರಿರಬೇಕು, ಇಲ್ಲದಿದ್ದರೆ ಏನಾದರೂ ಆದಾಗ ವಿಮೆಗೆ ತೊಡಕು. ಮತ್ತೆ, ಓಡಿಸುವ ದಿನ ವಾಂತಿ ಮಾತ್ರೆ ನುಂಗಬೇಡಿ. ಹಲವು ಮಾತ್ರೆಗಳು ನಿದ್ದೆ ಬರಿಸುತ್ತವೆ.

ಅವರ ಪಟ್ಟಿಯಲ್ಲಿ ಹತ್ತು ಜಾಗ ಇದ್ದರೆ ಮೂರಕ್ಕೆ ಇಳಿಸಿ. ಕಪ್ಪು ಮರಳಿನ ವಾಯಾನಾಪಾನಾಪಾ ಕಡಲತೀರ ಬಿಡಬೇಡಿ, ಆದರೆ ಹವಾಯಿಯ ಹೊರಗಿನವರು ಮೊದಲೇ ಆನ್‌ಲೈನಿನಲ್ಲಿ ಸಮಯ ಕಾಯ್ದಿರಿಸದಿದ್ದರೆ ಒಳಗೆ ಬಿಡುವುದಿಲ್ಲ. ಸಾಧ್ಯವಾದರೆ ಆ ರಾತ್ರಿ ಹಾನಾದಲ್ಲೇ ಉಳಿಯಿರಿ. ದಣಿದ ಮೈಯಲ್ಲಿ, ಕತ್ತಲಲ್ಲಿ ಅವೇ ತಿರುವುಗಳನ್ನು ಮತ್ತೆ ದಾಟುವುದು ಯಾರಿಗೂ ಬೇಡ.

ಇಷ್ಟು ಹೇಳಿಯೂ ಅವರು ಕೀಲಿಕೈ ಕೊಡಲೊಲ್ಲೆ ಅಂದರೆ ‘ನಾನು ಬರಲ್ಲ’ ಅಂತ ನೇರವಾಗಿ ಹೇಳಿ. ಅದಕ್ಕೆ ಅಪರಾಧಿ ಭಾವ ಬೇಕಿಲ್ಲ. ಕಾರು ಓಡಿಸುವುದೇ ಅವರ ನಿಜವಾದ ಖುಷಿಯಾಗಿದ್ದರೆ ಅದಕ್ಕೆ ಹಲೇಅಕಲಾ ಇದೆ: 3,055 ಮೀಟರ್ ಎತ್ತರದ ಜ್ವಾಲಾಮುಖಿ, ತುದಿಯವರೆಗೂ ರಸ್ತೆ. ಒಂದು ಬೆಳಿಗ್ಗೆ ಅವರೊಬ್ಬರೇ ಸೂರ್ಯೋದಯಕ್ಕೆ ಹೋಗಿಬರಲಿ, ನೀವು ಮಲಗಿರಿ. ಅದಕ್ಕೂ ಮುಂಗಡ ಬುಕಿಂಗ್ ಬೇಕು, ಆ ಕೆಲಸ ಮಾತ್ರ ನೀವೇ ಮಾಡಿಕೊಡಿ.