156 ತಿರುವು, ಒಂದೇ ಅವಕಾಶ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಕಾರ್ ರೇಸ್ ಬಗ್ಗೆ ಪುಟಗಟ್ಟಲೆ ಹಾಕಿದ್ದೀರಿ. ಫೋಟೋ ಚೆನ್ನಾಗಿವೆ, ಒಪ್ಪಿದೆ. ಆದರೆ ಒಬ್ಬೊಬ್ಬರೇ ಗಾಡಿ ಓಡಿಸಿದರೆ ಅದು ರೇಸ್ ಹೇಗಾಗುತ್ತದೆ? ಪಕ್ಕದಲ್ಲಿ ಪ್ರಪಾತ ಇಟ್ಟುಕೊಂಡು ಆಡುವುದೂ ಒಂದು ಆಟವೇ? ಇಲ್ಲಿ ಆಗುಂಬೆ ಘಾಟಿಯಲ್ಲಿ ಭಾನುವಾರ ಬಂದರೆ ಬೈಕ್ ಹುಡುಗರ ಹಾವಳಿ. ನನ್ನ ಮೊಮ್ಮಗ ನಿಮ್ಮ ಲೇಖನವನ್ನು ಮತ್ತೆ ಮತ್ತೆ ಓದುತ್ತಿದ್ದಾನೆ. ಇಂಥದ್ದನ್ನೆಲ್ಲ ಯಾಕೆ ಅಚ್ಚು ಹಾಕುತ್ತೀರಿ?" (ತೀರ್ಥಹಳ್ಳಿಯ ಹಿರಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಅಮ್ಮಾ, ನಮಸ್ಕಾರ. ಸಿಟ್ಟಿನಲ್ಲೇ ಬರೆದಿದ್ದೀರಿ. ಆದರೂ ಕೇಳಿರುವುದು ಕೇಳಬೇಕಾದ ಪ್ರಶ್ನೆಗಳನ್ನೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬೆಟ್ಟದ ವಿಷಯ. ಕೊಲರಾಡೋದ ಈ ರೇಸ್ ಶುರುವಾಗುವುದೇ 2,862 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಊಟಿಯ ದೊಡ್ಡಬೆಟ್ಟದ ತುದಿ ಕೂಡ ಆ ಸ್ಟಾರ್ಟಿಂಗ್ ಗೆರೆಗಿಂತ ಕೆಳಗೇ ಉಳಿಯುತ್ತದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಓಡಿ, 156 ತಿರುವು ದಾಟಿ, 4,302 ಮೀಟರಿನ ನೆತ್ತಿ ಮುಟ್ಟಬೇಕು. ಆಗುಂಬೆಯ 14 ಹೇರ್‌ಪಿನ್‌ಗಳನ್ನು ಬಸ್ಸಿನಲ್ಲಿ ದಾಟುವುದರೊಳಗೇ ಕಿಟಕಿ ಕಡೆ ಸೀಟು ಕೇಳುವವರು ನಾವು, ಅಲ್ವಾ?

ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇಕಡಾ 60ರಷ್ಟು. ಪೆಟ್ರೋಲ್ ಉರಿಯಲು ಗಾಳಿ ಬೇಕು. ಗಾಳಿ ತೆಳುವಾದಷ್ಟೂ ಎಂಜಿನ್ ಸೊರಗುತ್ತದೆ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಮೇಲೆ ತಲುಪುವಷ್ಟರಲ್ಲಿ ಮೂರರಲ್ಲೊಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಗಾಡಿಯನ್ನು ನೆಲಕ್ಕೆ ಒತ್ತುವುದು ಅದರ ರೆಕ್ಕೆ. ಆ ರೆಕ್ಕೆಗೂ ಗಾಳಿ ಸಾಲದು. ಅದಕ್ಕೇ ಅಲ್ಲಿನ ಕಾರುಗಳಿಗೆ ಅಷ್ಟು ದೊಡ್ಡ ರೆಕ್ಕೆ; ಫೋಟೋ ನೋಡಿ ಶೋಕಿಗೆ ಅಂದುಕೊಂಡವರು ಬೇಕಾದಷ್ಟು ಜನ. ಚಾಲಕನಿಗೂ ಉಸಿರು ಸಾಲುವುದಿಲ್ಲ. ಕೆಲವರು ಆಕ್ಸಿಜನ್ ಕಟ್ಟಿಕೊಂಡೇ ಕೂರುತ್ತಾರೆ. 2018ರಲ್ಲಿ ರೊಮೇನ್ ಡ್ಯುಮಾ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರಿನಲ್ಲಿ 7 ನಿಮಿಷ 57 ಸೆಕೆಂಡಿನಲ್ಲಿ ಬೆಟ್ಟ ಹತ್ತಿದ್ದರ ಹಿಂದೆ ಈ ಲೆಕ್ಕವೂ ಇದೆ. ಮೋಟಾರಿಗೆ ಉಸಿರಾಟವೇ ಇಲ್ಲ. ಗಂಟೆಗೆ ಸರಾಸರಿ 150 ಕಿಲೋಮೀಟರ್, ಅದೂ ಏರುದಾರಿಯಲ್ಲಿ!

ಈಗ ನಿಮ್ಮ ಮೊದಲ ಪ್ರಶ್ನೆ. ಒಬ್ಬೊಬ್ಬರೇ ಓಡಿದರೆ ರೇಸ್ ಹೇಗೆ? ಇಲ್ಲಿ ಪೈಪೋಟಿ ಗಡಿಯಾರದ ಜೊತೆ.

1987ರಲ್ಲಿ ಜರ್ಮನಿಯ ವಾಲ್ಟರ್ ರೋರ್ಲ್ 10 ನಿಮಿಷ 47.85 ಸೆಕೆಂಡಿನಲ್ಲಿ ಹತ್ತಿದರು. ಮರುವರ್ಷ ಫಿನ್‌ಲ್ಯಾಂಡಿನ ಆರಿ ವಟಾನೆನ್ ಬಂದು 10 ನಿಮಿಷ 47.22ಕ್ಕೆ ಮುಗಿಸಿದರು. ಒಂದು ವರ್ಷದ ಅಂತರ, ಬೇರೆ ಕಾರು, ಬೇರೆ ಹವಾಮಾನ. 20 ಕಿಲೋಮೀಟರ್ ಮಣ್ಣು-ಜಲ್ಲಿ ರಸ್ತೆಯ ಕೊನೆಗೆ ವ್ಯತ್ಯಾಸ 0.63 ಸೆಕೆಂಡ್. ವಟಾನೆನ್ ಒಂದು ಕಡೆ ಎದುರು ಬಿಸಿಲಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದ್ದರು. ಅವರಿಗೂ ಮೂರು ವರ್ಷ ಮೊದಲು, 1985ರಲ್ಲಿ, ಫ್ರಾನ್ಸಿನ ಮಿಶೆಲ್ ಮೂಟಾನ್ ಎಂಬ ಹೆಣ್ಣುಮಗಳು ಅಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ, ದಾಖಲೆಯನ್ನೂ ಮುರಿದು ಗೆದ್ದಿದ್ದರು. ಇದನ್ನು ಮೊಮ್ಮಗನಿಗಿಂತ ನಿಮಗೇ ಹೇಳಬೇಕು ಅನ್ನಿಸಿತು.

ನನ್ನ ಮಟ್ಟಿಗೆ ಈ ರೇಸಿನ ರೋಮಾಂಚನ ಪ್ರಪಾತದಲ್ಲಿ ಇಲ್ಲ. ಸರ್ಕ್ಯೂಟ್ ರೇಸಿನಲ್ಲಿ ಒಂದು ತಿರುವು ಕೆಟ್ಟರೆ ಎರಡು ನಿಮಿಷಕ್ಕೆ ಅದೇ ತಿರುವು ಮತ್ತೆ ಸಿಗುತ್ತದೆ, ಸರಿ ಮಾಡಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಪ್ರಾಕ್ಟೀಸ್ ನಡೆಯುವುದು ಬೆಳಗಿನ ಜಾವ, ಪ್ರವಾಸಿಗರು ಬರುವ ಮೊದಲು, ಬೆಟ್ಟವನ್ನು ತುಂಡು ತುಂಡು ಮಾಡಿಕೊಂಡು. ಬುಡದಿಂದ ತುದಿಯವರೆಗೆ ಪೂರ್ತಿ ವೇಗದಲ್ಲಿ ಓಡಿಸುವುದು ರೇಸಿನ ದಿನವೇ, ಅದೂ ಒಂದೇ ಸಲ. ತಪ್ಪಿದರೆ ಮುಂದಿನ ಜೂನ್‌ವರೆಗೆ ಕಾಯಬೇಕು. ಕೆಳಗೆ ಬಿಸಿಲಿದ್ದರೆ ಮೇಲೆ ಆಲಿಕಲ್ಲೋ ಹಿಮವೋ ಇರಬಹುದು. ಹಾಗಾಗಿ ಎಷ್ಟು ಕಲಿತಿದ್ದರೂ ಚಾಲಕನಿಗೆ ಪೂರ್ತಿ ಗೊತ್ತಿಲ್ಲದ ರಸ್ತೆಯೇ ಎದುರಿಗಿರುತ್ತದೆ. ರೋಮಾಂಚನವೂ ಅಲ್ಲಿಂದಲೇ, ಅಪಾಯವೂ ಅಲ್ಲಿಂದಲೇ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ.

ಟಾರು ಹಾಕಿದ ಮೇಲೆ ಅಪಾಯ ಕಡಿಮೆಯಾಯಿತೇ? ಆ ಟಾರಿನ ಕತೆಯೇ ಬೇರೆ. ಈ ರಸ್ತೆ ಮಾಡಿಸಿದ್ದು ಸ್ಪೆನ್ಸರ್ ಪೆನ್‌ರೋಸ್ ಎಂಬ ಶ್ರೀಮಂತ. ರಸ್ತೆಗೆ ಪ್ರಚಾರ ಸಿಗಲಿ ಅಂತ 1916ರಲ್ಲಿ ರೇಸ್ ಇಟ್ಟ. (ಅಂದಿನ ವಿಜೇತ ತೆಗೆದುಕೊಂಡದ್ದು 20 ನಿಮಿಷಕ್ಕೂ ಜಾಸ್ತಿ.) ಬಹುಕಾಲ ಅದು ಜಲ್ಲಿ ರಸ್ತೆಯಾಗಿಯೇ ಇತ್ತು. ಆ ಜಲ್ಲಿ ಮಳೆಗೆ ಕೊಚ್ಚಿ ಹಳ್ಳ-ತೊರೆಗಳಿಗೆ ಸೇರುತ್ತಿದೆ ಎಂದು ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ 1990ರ ದಶಕದ ಕೊನೆಗೆ ಕೋರ್ಟಿಗೆ ಹೋಯಿತು. ಸ್ವಲ್ಪ ಸ್ವಲ್ಪವೇ ಟಾರು ಬಂತು. 2012ರ ರೇಸ್ ಪೂರ್ತಿ ಟಾರಿನ ಮೇಲೆ ನಡೆದ ಮೊದಲನೆಯದು. ಮರುವರ್ಷವೇ ಸೆಬಾಸ್ಟಿಯನ್ ಲೋಬ್ ದಾಖಲೆಯಿಂದ ಒಂದೂವರೆ ನಿಮಿಷ ಕಿತ್ತುಹಾಕಿದರು.

ಅಂದರೆ ರಸ್ತೆ ನುಣುಪಾದದ್ದಕ್ಕೆ ವೇಗ ಏರಿತು, ಅಷ್ಟೇ. ಜಲ್ಲಿಯಲ್ಲಿ ಗಾಡಿ ಮೊದಲೇ ಜಾರುತ್ತಿರುತ್ತದೆ, ಚಾಲಕನಿಗೆ ಅಂದಾಜು ಸಿಗುತ್ತದೆ. ಟಾರಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಆದರೆ ತಪ್ಪಿದರೆ ಒಮ್ಮೆಗೇ ತಪ್ಪುತ್ತದೆ. ಮೇಲ್ಭಾಗದಲ್ಲಿ ಹಿಮದ ಕಾಟಕ್ಕೆ ರಸ್ತೆ ಅಲ್ಲಲ್ಲಿ ಉಬ್ಬುತ್ತದೆ. ಹಲವು ಕಡೆ ಅಂಚಿಗೆ ತಡೆಗೋಡೆ ಇಲ್ಲ.

2012ರಲ್ಲಿ ಒಂದು ಮಿತ್ಸುಬಿಷಿ ಕಾರು ತಿರುವಿನಿಂದಾಚೆ ಹಾರಿ, ಬಂಡೆಗಳ ಮೇಲೆ ಹತ್ತಾರು ಪಲ್ಟಿ ಹೊಡೆದು ಚೂರಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರ ಇರುತ್ತದೆ, ಸೀಟಿಗೆ ಬಿಗಿದ ಬೆಲ್ಟ್ ಇರುತ್ತದೆ. ಬೈಕ್ ಸವಾರನಿಗೆ ಅದ್ಯಾವುದೂ ಇಲ್ಲ. 2014ರಲ್ಲಿ ಒಬ್ಬ ಸವಾರ ಮುಕ್ತಾಯದ ಗೆರೆ ದಾಟಿದ ಮೇಲೆ ಬಿದ್ದು ಸತ್ತರು. ಮರುವರ್ಷ ಪ್ರಾಕ್ಟೀಸಿನಲ್ಲಿ ಇನ್ನೊಬ್ಬರು. 2019ರಲ್ಲಿ ಕಾರ್ಲಿನ್ ಡನ್. ಈ ಬೆಟ್ಟವನ್ನು ಬೈಕಿನಲ್ಲಿ 10 ನಿಮಿಷದೊಳಗೆ ಹತ್ತಿದ ಮೊದಲಿಗರಲ್ಲಿ ಅವರೂ ಒಬ್ಬರು. ಅಲ್ಲಿ ನಾಲ್ಕು ಸಲ ಗೆದ್ದಿದ್ದರು. ಗೆರೆಗೆ ಸ್ವಲ್ಪವೇ ದೂರ ಇರುವಾಗ ಬಿದ್ದರು. ವಯಸ್ಸು 36. ಹೊಸಬರ ಹುಚ್ಚಾಟ ಅಂತ ತಳ್ಳಿಹಾಕಲು ಇಲ್ಲಿ ಆಗುವುದಿಲ್ಲ.

ಆ ನಂತರ ಬೈಕ್ ವಿಭಾಗವನ್ನು ನಿಲ್ಲಿಸಿದರು. 2021ರಲ್ಲಿ ಅದು ಕಾಯಂ ಎಂದು ಹೇಳಿದರು. ಅಭಿಮಾನಿಗಳು ಗೊಣಗಿದರು. ನಾನು ಆಯೋಜಕರ ಪರ. ಇಂಥ ಸಾವುಗಳ ನಂತರ "ಇಷ್ಟದ ಕೆಲಸ ಮಾಡುತ್ತಲೇ ಹೋದ" ಎಂದು ಬರೆಯುವುದು ಒಂದು ಚಾಳಿ. ಆ ಮಾತು ನಮ್ಮ ಪತ್ರಿಕೆಗೆ ಬಂದರೆ ಹೊಡೆದು ಹಾಕುತ್ತೇನೆ. ಬದುಕಿದ್ದರೆ ಆ ಇಷ್ಟದ ಕೆಲಸವನ್ನು ಇನ್ನೂ ಇಪ್ಪತ್ತು ವರ್ಷ ಮಾಡುತ್ತಿದ್ದರು.

ಹಾಗಂತ ರೇಸನ್ನೇ ಮುಚ್ಚಿಬಿಡಿ ಅನ್ನುವುದಕ್ಕೂ ನಾನು ತಯಾರಿಲ್ಲ. ಅಲ್ಲಿ ರಸ್ತೆ ಬಂದ್ ಇರುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ. ಅಲ್ಲಲ್ಲಿ ಬಾವುಟ ಹಿಡಿದ ಮಾರ್ಷಲ್‌ಗಳು, ಆಂಬ್ಯುಲೆನ್ಸ್. ಪಣಕ್ಕಿಡುವುದು ತನ್ನ ಜೀವವನ್ನು, ಅದೂ ಗೊತ್ತಿದ್ದೇ. ಆಗುಂಬೆಯ ತಿರುವಿನಲ್ಲಿ ಹುಡುಗ ಬೈಕ್ ಒರಗಿಸಿದಾಗ ಎದುರಿಗೆ ಉಡುಪಿ ಬಸ್ಸು ಇರುತ್ತದೆ. ಅದರ ಡ್ರೈವರ್ ಈ ಆಟಕ್ಕೆ ಒಪ್ಪಿರಲಿಲ್ಲ. ಬಸ್ಸಿನಲ್ಲಿ ಕೂತವರೂ ಒಪ್ಪಿರಲಿಲ್ಲ. ಈ ಎರಡಕ್ಕೂ ರೇಸ್ ಎಂಬ ಒಂದೇ ಹೆಸರು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಮೊಮ್ಮಗ. ಪತ್ರಿಕೆ ಬಚ್ಚಿಟ್ಟರೆ ಫೋನಿನಲ್ಲಿ ನೋಡುತ್ತಾನೆ, ಸುಮ್ನೆ ಜಗಳ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಬಂದ್ ಮಾಡಿದ ರಸ್ತೆಗಳಲ್ಲಿ ಕಾರ್ ರ‍್ಯಾಲಿ ನಡೆಯುತ್ತವೆ. ಒಮ್ಮೆ ಅಪ್ಪನ ಜೊತೆ ಕಳಿಸಿ. ಮಾರ್ಷಲ್ ಹೇಳಿದ ಜಾಗದಲ್ಲೇ ನಿಂತು ನೋಡಲಿ. ಗಾಡಿ ಬಿಡುವ ಮುಂಚೆ ಹೆಲ್ಮೆಟ್, ಬೆಲ್ಟು, ಪಂಜರ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ, ಅದನ್ನೂ ನೋಡಲಿ. ಆಮೇಲೂ ಆಸೆ ಉಳಿದರೆ ಸ್ಪರ್ಧೆಗೆ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಅರ್ಜಿ ಹಾಕುವ ವಿಧಾನವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಅಲ್ಲಿಯವರೆಗೆ ಬೈಕಿನ ಕೀಲಿ ನಿಮ್ಮ ಹತ್ತಿರವೇ ಇರಲಿ.

– ಸಂ.